ದೋಣಿಯ ಹೊರಮೈಗೆ ಕಟ್ಟಿದ ಕ್ಯಾಮೆರಾ

ಹೋದ ತಿಂಗಳು ಹುಮನಾಬಾದಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಎದುರಿನ ಅಂಗಡಿಯಲ್ಲಿ ಬಡಿಗನೊಬ್ಬ ಹೊಸ ಬಾಗಿಲಿಗೆ ಅಗಸೆ ಎಣ್ಣೆಯಲ್ಲಿ ಕರಗಿಸಿದ ಜೇನುಮೇಣ ತಿಕ್ಕುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಹಲ್ಲು ಒಂದಕ್ಕೊಂದು ಒತ್ತಿಕೊಂಡವು. ಹಳೆಯ ವಾಸನೆಗಳು ಮನಸ್ಸನ್ನು ಮೆತ್ತಗೆ ಮಾಡುತ್ತವೆ ಎಂದು ಜನ ಹೇಳುತ್ತಾರೆ. ನನಗೆ ಆದದ್ದು ಹಾಗಲ್ಲ. ಐವತ್ತು ವರ್ಷವಾಗುತ್ತ ಬಂತು, ಸಿಟ್ಟು ಹಾಗೆಯೇ ಇದೆ.

ಆಗ ಬಸವಕಲ್ಯಾಣವನ್ನು ನಾವು ಬರೀ ಕಲ್ಯಾಣಿ ಎನ್ನುತ್ತಿದ್ದೆವು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಸುತ್ತಲಿನ ಕೆರೆಗಳ ಉಸ್ತುವಾರಿ ನೋಡುವ ಕಚೇರಿಯಲ್ಲಿ ನಾನು ಹೊಸ ಕಾರಕೂನ. ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿದ್ದವರು ಫೋಟೋ ತೆಗೆಯುತ್ತಿದ್ದರು. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಕಾಲು ಮೂರು, ಕರಿ ಬಟ್ಟೆ, ಚರ್ಮದ ಮಡಿಕೆಯ ಉದ್ದ ಮೂತಿ, ಇಂಥ ಒಂದೇ ಒಂದು ಕ್ಯಾಮೆರಾ ಅವರ ಬಳಿ ಇತ್ತು. ಮದುವೆಯ ಜೋಡಿಗಳನ್ನು, ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ ಗೌಡರನ್ನು ತೆಗೆದೇ ಅವರ ಸಂಸಾರ ನಡೆಯುತ್ತಿತ್ತು. ಫಿಲ್ಮಿನ ಬದಲು ಕ್ಯಾಮೆರಾಕ್ಕೆ ಹಾಕುವ ಗಾಜಿನ ಫಲಕಗಳಿಗಾಗಿ ತಿಂಗಳಿಗೊಮ್ಮೆ ಹುಮನಾಬಾದಿಗೆ ಹೋಗಿ ಬರುತ್ತಿದ್ದರು.

ಊರಾಚೆ, ನಾರಾಯಣಪುರದ ಕಡೆಗೆ, ಒಂದು ಕೆರೆ. ಅದರ ಒಡ್ಡಿನ ಕೆಳಗೆ ಹತ್ತಾರು ಗುಡಿಸಲು. ಅಲ್ಲಿಂದ ಒಬ್ಬ ಮೀನು ಹಿಡಿಯುವಾತ ಒಂದು ದಿನ ಕಚೇರಿಗೆ ಬಂದ. ಒಡ್ಡಿನ ಒಳಮೈಯಲ್ಲಿ, ನೀರಿಗೆ ತಾಗಿದಂತೆ, ಕಲ್ಲು ಬಿರಿದಿದೆ ಎಂದ. ಅವನು ಬಂದದ್ದು ಅದು ಮೂರನೆಯ ಸಲ.

"ನಮ್ಮ ಜವಾನ ಒಡ್ಡಿನ ಮ್ಯಾಲೆ ನಡದು ನೋಡ್ಯಾನ. ಏನೂ ಕಾಣಸಿಲ್ಲ" ಎಂದರು ಸಾಹೇಬರು. ಕಚೇರಿಗೆ ಅವರೇ ಮುಖ್ಯಸ್ಥರು; ನಮ್ಮ ಕಡೆಯವರೇ, ಕನ್ನಡದವರು.

"ಮ್ಯಾಲಿಂದ ಕಾಣಂಗಿಲ್ರಿ. ಒಂದು ಸಾಲು ಕಲ್ಲು ಮುಂದ ಚಾಚ್ಯಾವ, ಅದರ ಬುಡಕ್ಕ ಅದ. ನನ್ನ ದೋಣ್ಯಾಗ ಬರ್ರಿ ಸಾಹೇಬ್ರ, ತೋರಸ್ತೀನಿ."

"ನಾ ನಿನ್ನ ಮೀನಿನ ದೋಣ್ಯಾಗ ಕೂಡ್ಲೇನು? ನೀನೇ ಆ ಬಿರುಕು ಬಗಲಾಗ ಹಿಡ್ಕೊಂಡು ಕಚೇರಿಗೆ ಬಾ. ಇಲ್ಲೇ ನೋಡ್ತೀನಿ."

ಕಚೇರಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯದೆ ಮುಂದಕ್ಕೆ ಹೋಗುವಂತಿಲ್ಲ.

ಆ ಸಂಜೆ ಹಿತ್ತಲಿನ ಗೋಡೆಯ ಮೇಲಿಂದ ಇದನ್ನೇ ತಮಾಷೆಯೆಂದು ಕಾಕಾಗೆ ಹೇಳಿದೆ. ಅವರು ನಗಲಿಲ್ಲ. "ಮತ್ತ ತಗೊಂಡ ಹೋದ್ರಾತು ಬಿಡು" ಎಂದರು.

"ಏನು ಕಾಕಾ?"

"ಬಿರುಕು."

ಮರುದಿನವೇ ಕೆರೆಗೆ ಹೋಗಿ ನೋಡಿ ಬಂದರು. ಆ ಮೀನು ಹಿಡಿಯುವಾತನ ದೋಣಿಯೊಳಗೆ ಕ್ಯಾಮೆರಾ ನಿಲ್ಲಿಸಿದರೆ ಕೆಲಸವಾಗುವುದಿಲ್ಲ ಎಂಬುದು ಅವರಿಗೆ ಆಗಲೇ ತಿಳಿದಿತ್ತು. ಅಷ್ಟು ಎತ್ತರದಿಂದ ಚಾಚಿದ ಕಲ್ಲೇ ಬಿರುಕನ್ನು ಮುಚ್ಚುತ್ತಿತ್ತು. ಕ್ಯಾಮೆರಾ ದೋಣಿಯ ಹೊರಗೆ, ನೀರಿಗಿಂತ ಒಂದು ಗೇಣು ಮೇಲೆ ಇರಬೇಕಿತ್ತು. ಎರಡು ಜಾಲಿ ಹಲಗೆಗಳನ್ನು ದೋಣಿಯ ಅಂಚಿನಿಂದ ಹೊರಗೆ ಚಾಚಿ ಮೊಳೆ ಹೊಡೆದು, ಅವುಗಳ ಕೆಳಗೆ ತೊಟ್ಟಿಲಿನಂಥ ಒಂದು ಚೌಕಟ್ಟು ತೂಗುಹಾಕಿದರು. ಅಲುಗಾಟ ತಗ್ಗಲೆಂದು ಸೈಕಲ್ಲಿನ ಹಳೆಯ ಟ್ಯೂಬು ಸೀಳಿ ಕೆಳಗೆ ಹಾಸಿದರು. ಕ್ಯಾಮೆರಾದ ಸುತ್ತ ಚಿಮಣಿಗೆ ಹಾಕುವ ಗ್ಯಾಸಲೆಟ್ ಎಣ್ಣೆಯ ಡಬ್ಬಿ ಕತ್ತರಿಸಿ ಮಾಡಿದ ತಗಡಿನ ಪೆಟ್ಟಿಗೆ, ಮುಂದೆ ಒಂದು ಕಿಟಕಿಯ ಗಾಜು. ಗಾಜಿನ ಸಂದಿಗೆ ಮೇಣ. ಎಲ್ಲದರ ಮೇಲೆ ಅಗಸೆ ಎಣ್ಣೆ ಮತ್ತು ಮೇಣದಲ್ಲಿ ಅದ್ದಿ ಒಣಗಿಸಿದ ಖಾದಿ. ನಾಲ್ಕು ದಿನ ನಮ್ಮ ಮನೆಯೊಳಗೂ ಆ ವಾಸನೆ...

ಹೊರಗೆ ಭಾರ ತೂಗಿದಾಗ ದೋಣಿ ಒಂದು ಕಡೆಗೆ ವಾಲಿತು. ಇನ್ನೊಂದು ಅಂಚಿನಲ್ಲಿ ನನ್ನನ್ನು ಕೂರಿಸಿದರು.

"ತಮ್ಮಾ, ಇವತ್ತ ನಿನ್ನ ಕಿಮ್ಮತ್ತು ಬರೇ ವಜನ. ಅಲುಗಾಡಬ್ಯಾಡ" ಎಂದರು ಕಾಕಾ.

"ಅಲುಗೋದು ಬಿಡ್ರಿ, ಕಾರಕೂನ್ರು ಉಸುರ ಬಿಟ್ಟರ ಸೈತ ದೋಣಿ ಹೊಯ್ದಾಡಾಕತ್ತದ" ಎಂದ ದೋಣಿಯವ. ದಂಡೆಯಲ್ಲಿ ಆಡು ಕಾಯುತ್ತಿದ್ದ ಅವನ ತಾಯಿ ಅಲ್ಲಿಂದಲೇ ಕೂಗಿದಳು: "ಆ ಹುಡುಗಗ ಈಸು ಬರ್ತದೇನು ಕೇಳ್ರೋ ಮೊದಲ!" ನನಗೆ ಬರುತ್ತಿರಲಿಲ್ಲ. ಆಕೆ ನಗುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ನನಗೆ ಇವತ್ತಿಗೂ ಕಾಣುತ್ತದೆ.

ಗಾಳಿ ನಿಂತ ಒಂದು ಮುಂಜಾನೆ ದೋಣಿಯನ್ನು ಎರಡು ಹಗ್ಗದಿಂದ ಒಡ್ಡಿನ ಕಲ್ಲಿಗೆ ಬಿಗಿದು ಕಾಕಾ ಒಂದು ಫೋಟೋ ತೆಗೆದರು. ಒಂದು ಫಲಕ ಒಡೆದರೂ ಇನ್ನೊಂದು ಉಳಿಯಲಿ ಎಂದು ದೋಣಿಯನ್ನು ಒಂದು ಮಾರು ಸರಿಸಿ ಇನ್ನೊಂದು ತೆಗೆದರು. ಎರಡರಲ್ಲೂ ಬಿರುಕು ಕಾಣುತ್ತಿತ್ತು. ಮೂರು ಕಲ್ಲುಗಳನ್ನು ಓರೆಯಾಗಿ ಸೀಳಿಕೊಂಡು ನೀರೊಳಗೆ ಇಳಿದಿತ್ತು.

ಫೋಟೋ ಎರಡನ್ನೂ ಕಾಕಾ ಸಾಹೇಬರ ಮೇಜಿನ ಮೇಲೆ ಇಟ್ಟರು. ಸಾಹೇಬರು ಕ್ಯಾಮೆರಾ ಹೇಗೆ ಕಟ್ಟಿದಿರಿ, ನೀರು ಹೇಗೆ ತಡೆದಿರಿ ಎಂದು ಎಲ್ಲ ಕೇಳಿದರು. ಕಾಕಾ ಹಿಗ್ಗಿನಿಂದ ಎಲ್ಲ ಹೇಳಿದರು. ಪೆಟ್ಟಿಗೆಯ ಮುಂದಿನ ಗಾಜಿನ ಮಾತು ಬಂದ ಕೂಡಲೇ ಸಾಹೇಬರು ಅದನ್ನು ಹಿಡಿದುಕೊಂಡರು.

"ಅಂದ್ರ ಇದು ಗಾಜಿನ ಮ್ಯಾಲಿನ ಗೀರು."

"ಅಲ್ರಿ ಸಾಹೇಬ್ರ. ಗಾಜಿನ ಮ್ಯಾಲಿದ್ದರ ಎರಡೂ ಫೋಟೋದಾಗ ಒಂದೇ ಜಾಗಾದಾಗ ಇರಬೇಕಲ್ರಿ? ನಾವು ದೋಣಿ ಸರಿಸೀವಿ. ಕಲ್ಲು ಸರದಾವ, ಕಲ್ಲಿನ ಸಂಗಾಟ ಈ ಗೆರೀನೂ ಸರದದ. ಬೆರಳಿಟ್ಟು ನೋಡ್ರಿ."

"ಎರಡರಾಗೂ ಗೀರು ಅದ ಅಂತ ನೀನೇ ಹೇಳಾಕತ್ತೀ" ಎಂದು ಸಾಹೇಬರು ಫೋಟೋ ಹಿಂದಕ್ಕೆ ತಳ್ಳಿದರು. ನನ್ನ ಕಡೆ ತಿರುಗಿ "ಬರಕೋ" ಎಂದರು.

ನಾನು ಆ ಫೋಟೋಗಳನ್ನು ಹಿಂದಿನ ರಾತ್ರಿಯೇ ನೋಡಿದ್ದೆ. ಒಂದರಲ್ಲಿ ಗೆರೆ ನಡುವಿಗಿಂತ ಎಡಕ್ಕೆ, ಇನ್ನೊಂದರಲ್ಲಿ ಬಲ ಅಂಚಿನ ಹತ್ತಿರ. ಮೂರನೆಯ ಇಯತ್ತೆಯ ಹುಡುಗನಿಗೂ ತಿಳಿಯುವ ಮಾತು. ಸಾಹೇಬರಿಗೆ ತಿಳಿಯಲಿಲ್ಲವೆಂದು ನಾನು ಒಂದು ಗಳಿಗೆಯೂ ನಂಬಿಲ್ಲ. ಬಿರುಕು ಒಪ್ಪಿದರೆ ದೊಡ್ಡ ಮಳೆಯ ಮುಂಚೆ ಕೆರೆ ಖಾಲಿ ಮಾಡಿಸಬೇಕು, ಮೇಲಿನವರಿಗೆ ಉತ್ತರ ಕೊಡಬೇಕು. ಗಾಜಿನ ಗೀರಾದರೆ ಯಾರಿಗೂ ಏನೂ ಕೆಲಸವಿಲ್ಲ. ನಾನು ಬರೆದುಕೊಂಡೆ.

"ಹಂಗಾದ್ರ ಗಾಜೇ ತಗದ ಬಿಡ್ತೀನಿ" ಎಂದರು ಕಾಕಾ ಆ ಸಂಜೆ.

"ಆಷಾಢದ ಗಾಳಿ ಬಿಟ್ಟದ ಕಾಕಾ. ಕ್ಯಾಮೆರಾ ಹೋದ್ರ?"

"ಹೋದ್ರ ಹೋಗ್ತದ. ಅವರ ಬಾಯಾಗಿನ ಆ ಗೀರು ತಗೀಬೇಕು."

ಪೆಟ್ಟಿಗೆಯ ಮುಂಬದಿ ಬಿಚ್ಚಿ, ಬರಿಗಣ್ಣಿನ ಕ್ಯಾಮೆರಾ ಹೊರಗೆ ಕಟ್ಟಿಕೊಂಡು ಹೋದೆವು. ಅಲೆ ಎದ್ದಿತ್ತು. ಕಾಕಾ ಹೊಟ್ಟೆಯ ಮೇಲೆ ಮಲಗಿ, ಒಂದು ಕೈಯಲ್ಲಿ ಕರಿ ಬಟ್ಟೆಯನ್ನು ಮರೆ ಹಿಡಿದು ಕಾದರು. ಬಟ್ಟೆ ಸರಿಸಿ ಫೋಟೋ ತೆಗೆದ ಮರುಕ್ಷಣವೇ ನೀರು ಬಂದು ಬಡಿಯಿತು. ಫಲಕ ಉಳಿಯಿತು. ಕ್ಯಾಮೆರಾದ ಚರ್ಮದ ಮಡಿಕೆ ನೆನೆದು ವಾರದೊಳಗೆ ಬಿರಿಯಿತು, ಕಟ್ಟಿಗೆ ಉಬ್ಬಿ ಮೂತಿ ಹಿಂದೆ ಮುಂದೆ ಸರಿಯದಾಯಿತು. ಅವರ ಇಡೀ ಜೀವನದ ಸಾಧನ ಅದು. ಅದನ್ನು ಅವರು ಬಿಸಿಲಿಗಿಟ್ಟು ದಿನವೂ ತಿರುವಿ ತಿರುವಿ ಹಾಕುತ್ತಿದ್ದರು, ಹಪ್ಪಳದಂತೆ...

ಮೂರನೆಯ ಫೋಟೋವನ್ನು ಸಾಹೇಬರು ನೋಡಲೇ ಇಲ್ಲ. ಕೆರೆಯಲ್ಲಿ ದೋಣಿ ಇಳಿಸಲು ಪರವಾನಗಿ ಯಾರು ಕೊಟ್ಟರು ಎಂದು ಕೇಳಿದರು. ಆ ಮೀನು ಹಿಡಿಯುವಾತನ ದೋಣಿಯನ್ನು ಬಂಡಿಯ ಮೇಲೆ ಹೇರಿಸಿ ತಂದು ಕಚೇರಿಯ ಅಂಗಳದಲ್ಲಿ ಕವುಚಿ ಹಾಕಿಸಿದರು. ಕಾಕಾ ಹೊಡೆದ ಎರಡು ಜಾಲಿ ಹಲಗೆಗಳು ಅದರ ಪಕ್ಕೆಯಿಂದ ಹಾಗೆಯೇ ಹೊರಚಾಚಿದ್ದವು. ದಿನವೂ ಅವುಗಳನ್ನು ಸುತ್ತಿಹೋಗಿ ನಾನು ನನ್ನ ಜಾಗದಲ್ಲಿ ಕೂರುತ್ತಿದ್ದೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಒಡ್ಡು ಅದೇ ಜಾಗದಲ್ಲಿ ಒಡೆಯಿತು. ಸೋರುವ ನೀರು ಒಡ್ಡಿನ ಮಣ್ಣು ಕಲಸಿ ಕೆಂಪಾದದ್ದನ್ನು ದೋಣಿಯವ ಮುಂಜಾನೆಯೇ ಕಂಡು ಎಲ್ಲರನ್ನೂ ಮೇಲಕ್ಕೆ ಓಡಿಸಿದ್ದ. ಅವನ ತಾಯಿ ಕಟ್ಟಿದ್ದ ಆಡಿನ ಮರಿಗಳನ್ನು ಬಿಚ್ಚಲು ಹಿಂದಕ್ಕೆ ಹೋದಳಂತೆ. ನೀರು ಬಂದಾಗ ಒಂದು ಬೇವಿನ ಮರ ಹಿಡಿದು ಏರಿದಳು. ದಂಡೆಯಿಂದ ಕೂಗಿದರೆ ಆಕೆಗೆ ಕೇಳುವಷ್ಟು ದೂರ. ಎಷ್ಟೋ ಹೊತ್ತು ಹಾಗೆಯೇ ಇದ್ದಳು. ಮಗ ಎರಡು ಸಲ ಈಸಿ ಹೋಗಲು ನೋಡಿದ, ಎರಡು ಸಲವೂ ಸೆಳವು ಅವನನ್ನು ತಿರುಗಿ ಎಸೆಯಿತು. ಆ ಊರಿಗಿದ್ದದ್ದು ಒಂದೇ ದೋಣಿ. ಅದು ನಮ್ಮ ಅಂಗಳದಲ್ಲಿತ್ತು. ಒಬ್ಬ ಹುಡುಗ ಓಡಿಬಂದು ಸುದ್ದಿ ಹೇಳಿದಾಗ ಬಂಡಿ ಹೂಡಿದೆವು. ನಾವು ಮುಟ್ಟುವಷ್ಟರಲ್ಲಿ ಮರವಿರಲಿಲ್ಲ.

ಹದಿನೈದು ದಿನದ ಮೇಲೆ ಮೇಲಿನವರಿಂದ ವಿಚಾರಣೆ ಬಂತು. ಸಾಹೇಬರು ನನ್ನನ್ನು ಒಳಗೆ ಕರೆದು, ಆ ಫೋಟೋಗಳ ಗಾಜಿನ ಫಲಕಗಳನ್ನು ತರಲು ಹೇಳಿದರು. ಬಿರುಕನ್ನು ಮೊದಲೇ ಗುರುತಿಸಿ, ಮುತುವರ್ಜಿಯಿಂದ ಫೋಟೋ ತೆಗೆಸಿದ್ದು ತಾವೇ ಎಂದು ಅವರು ಬರೆಸುವವರಿದ್ದರು. ದೋಣಿಯ ಹೊರಗೆ ಕ್ಯಾಮೆರಾ ಕಟ್ಟುವ ಉಪಾಯವೂ ಕಾಗದದಲ್ಲಿ ಅವರದೇ ಆಗುವುದಿತ್ತು.

ಕಾಕಾಗೆ ಎಲ್ಲ ಹೇಳಿದೆ. ಅವರು ಫಲಕಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತಿದರು.

"ಒಯ್ಯಿ. ಅವರು ತಮ್ಮ ಹೆಸರು ಹಾಕ್ಕೊಳ್ಳಲಿ ಬಿಡು. ಆ ಮುದುಕಿ ಹೆಸರು ಬರಿ ಅದರಾಗ. ದೋಣಿ ಎಲ್ಲಿತ್ತು ಅದನ್ನ ಬರಿ. ಇಷ್ಟ ಮಾಡ್ತೀಯಿಲ್ಲ ತಮ್ಮಾ?"

"ಮಾಡ್ತೀನಿ ಕಾಕಾ" ಎಂದೆ.

ಸಾಹೇಬರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಅವರು ಬಿರುಕು ಗುರುತಿಸಿದ ತಾರೀಖು ಎರಡು ತಿಂಗಳ ಹಿಂದಿನದು. ದೋಣಿಯ ಮಾತಿಲ್ಲ. ಮುದುಕಿಯ ಮಾತು ಒಂದೇ ಕಡೆ ಬಂತು: ಜೀವಹಾನಿ, ಒಂದು. ನನ್ನ ಲೇಖನಿ ಅಲ್ಲಿ ನಿಂತಿತು. ಸಾಹೇಬರು "ಯಾಕ ನಿಂತಿ?" ಎಂದರು. ಏನಿಲ್ರಿ ಎಂದು ಮುಂದಕ್ಕೆ ಬರೆದೆ. ಹೊಡೆತವಿಲ್ಲ, ಬೆದರಿಕೆಯಿಲ್ಲ. ಒಂದು ಪ್ರಶ್ನೆ ಸಾಕಾಯಿತು.

ಎರಡು ದಿನದ ಮೇಲೆ ಕಾಕಾ ಕಚೇರಿಗೆ ಬಂದರು. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ; ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. "ನೀ ಬರದದ್ದು ಓದು" ಎಂದರು. ಪ್ರತಿ ನನ್ನ ಬಳಿಯೇ ಇತ್ತು. ಓದಿ ಕನ್ನಡದಲ್ಲಿ ಹೇಳಿದೆ, ಒಂದು ಮಾತೂ ಬಿಡದೆ. ಕೊನೆಯ ತನಕ ನಿಂತೇ ಕೇಳಿದರು.

"ಮುಗೀತೇನ್ರಿ ಕಾರಕೂನ್ ಸಾಹೇಬ್ರ?"

"ಹೌದ್ರಿ..."

ನನ್ನನ್ನು ಅವರು ರೀ ಎಂದದ್ದು ಅದೇ ಮೊದಲು. ಆಮೇಲೆ ಮಾತೇ ಇರಲಿಲ್ಲ. ಎರಡು ವರ್ಷ ಅದೇ ಗೋಡೆಯ ಆಚೆ ಇದ್ದರು. ಹೊಸ ಕ್ಯಾಮೆರಾ ಕೊಳ್ಳಲು ಆಗಲಿಲ್ಲ. ಬೇರೆಯವರ ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ಮಾಡಿದರು. ಆಮೇಲೆ ಮನೆ ಬಿಟ್ಟು ಹುಮನಾಬಾದಿಗೆ ಹೋದರು, ಅಲ್ಲಿಯೇ ತೀರಿಕೊಂಡರೆಂದು ಯಾರೋ ಹೇಳಿದರು. ಸಾಹೇಬರಿಗೆ ಬಡ್ತಿ ಸಿಕ್ಕಿತು. ನನಗೂ ಸಿಕ್ಕಿತು.

ಹೋದ ತಿಂಗಳು ಹುಮನಾಬಾದಿನಲ್ಲಿ ಆ ದಿನ ಬಸ್ಸು ಬಂದರೂ ನಾನು ಊರಿಗೆ ಹಿಂದಿರುಗಲಿಲ್ಲ, ನೇರ ಆ ಕೆರೆಗೆ ಹೋದೆ. ಒಡ್ಡಿಗೆ ಈಗ ಸಿಮೆಂಟಿನ ಮೈ. ಕೆಳಗಿನ ಗುಡಿಸಲುಗಳ ಜಾಗದಲ್ಲಿ ತೊಗರಿ ಬೆಳೆದಿದ್ದರು. ಹೊಲದಲ್ಲಿದ್ದ ಇಬ್ಬರನ್ನು ಕೇಳಿದೆ, ಇಲ್ಲಿ ಹಿಂದೆ ಆಡು ಕಾಯುವ ಒಬ್ಬ ಮುದುಕಿ ಇದ್ದಳಲ್ಲ, ಮಗ ಮೀನು ಹಿಡಿಯುತ್ತಿದ್ದ, ಆಕೆಯ ಹೆಸರೇನು ಎಂದು. ಅವರು ಮುಖ ಮುಖ ನೋಡಿಕೊಂಡರು.

ಆ ಹಲಗೆಗಳ ಉದ್ದ ನನಗೆ ನೆನಪಿದೆ, ಎರಡೂವರೆ ಮೊಳ. ಗಾಜಿನ ಸುತ್ತ ಮೇಣ ಎಷ್ಟು ದಪ್ಪಗಿತ್ತು ಎಂಬುದೂ ನೆನಪಿದೆ. ಬರೆಯುತ್ತೇನೆಂದು ಕಾಕಾಗೆ ಮಾತು ಕೊಟ್ಟಾಗ ಆಕೆಯ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಿಕೊಳ್ಳಲೂ ಇಲ್ಲ. ಕಾಕಾಗೆ ಗೊತ್ತಿತ್ತು.