ಕುಂಬಳಕಾಯಿಗೆ ಮೊದಲ ಚಾಕು ಯಾರದು?

ಹುಬ್ಬಳ್ಳಿಯ ಕೇಶ್ವಾಪುರಕ್ಕೆ ಮೇಷ್ಟರಾಗಿ ಬಂದ ಮೊದಲ ವಾರವೇ ಮನೆ ಮಾಲೀಕರ ಹೆಂಡತಿ ಶಾಂತಕ್ಕ ನನ್ನ ಬಾಗಿಲು ಬಡಿದರು. ಕಂಕುಳಲ್ಲಿ ಕುಂಬಳಕಾಯಿ, ಕೈಯಲ್ಲಿ ಚಾಕು.

"ಸರ, ಒಂಚೂರು ಚಾಕು ಹಚ್ಚಿ ಕೊಡ್ರಿ. ನಮ್ಮನಿಯವರು ಊರಾಗಿಲ್ಲ."

ಇಡೀ ಕುಂಬಳಕಾಯಿಗೆ ಮೊದಲ ಚಾಕು ಗಂಡಸಿನದೇ ಆಗಬೇಕಂತೆ. ಆಮೇಲೆ ಹೆಂಗಸರು ಎಷ್ಟು ಬೇಕಾದರೂ ಹೆಚ್ಚಬಹುದಂತೆ. ಮೈಸೂರಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ಸುಮ್ಮನಿರುತ್ತೇನೆಯೆ? ಕಾರಣ ಕೇಳಿದೆ.

"ವಾದ ಆಮ್ಯಾಲ ಮಾಡೂಣ್ರಿ. ಒಲಿ ಹಚ್ಚಿಟ್ಟ ಬಂದೇನಿ."

ಹಚ್ಚಿಕೊಟ್ಟೆ. ಸಂಜೆ ಗಾರಿಗೆ ಬಂತು: ಕುಂಬಳಕಾಯಿ, ಬೆಲ್ಲ, ಹಿಟ್ಟು ಕಲಸಿ ಕರಿದ ಸಿಹಿ ಪೂರಿ. ನಮ್ಮಲ್ಲಿ ಈ ಕಾಯಿಯ ಆಯುಷ್ಯ ಹುಳಿಯಲ್ಲೇ ಮುಗಿಯುತ್ತದೆ. ಗುರುತಿಲ್ಲದ ಊರಲ್ಲಿ ಒಣರೊಟ್ಟಿ ಅಗಿದು ದವಡೆ ನೋಯಿಸಿಕೊಂಡು ಒಬ್ಬನೇ ಕೂತಿದ್ದವನಿಗೆ ಅದೆಂಥ ಸಮಾಧಾನ! ಕ್ರಮೇಣ ಗಂಡಸರಿಲ್ಲದ ಹೊತ್ತಲ್ಲಿ ಚಾಕು ಹಚ್ಚಲು ಓಣಿಯ ಎಲ್ಲ ಮನೆಗಳಿಂದಲೂ ಕರೆ ಬರತೊಡಗಿತು. ನಾನು ಈ ಊರಿನವನಾಗುತ್ತಿದ್ದೆ. ಗಂಡಾಗಿ ಹುಟ್ಟಿದ್ದೊಂದೇ ಅರ್ಹತೆ.

ಸಿಟ್ಟು ನೆತ್ತಿಗೇರಿದ್ದು ಶಾಲೆಯಲ್ಲಿ. ಒಂದು ದಿನ ನನ್ನ ಎರಡನೇ ತರಗತಿಯ ಪುಸ್ತಕಗಳನ್ನು ಮುಚ್ಚಿಸಿ ಮೇಜಿನ ಮೇಲೆ ಕುಂಬಳಕಾಯಿ ಇಟ್ಟೆ. ಮಕ್ಕಳು ಎತ್ತಿ ನೋಡಿದರು, ನೂಲು ಸುತ್ತಿ ಅಳೆದರು, ಒಳಗೆಷ್ಟು ಬೀಜ ಎಂದು ಜಗಳವಾಡಿದರು. ಶಾಂತಕ್ಕನ ಮಗಳು ಭಾಗ್ಯಾ ಎದ್ದು ನಿಂತಳು.

"ಸರ, ನಾ ಕೊಯ್ತೇನ್ರಿ!"

ಬಾಗಿಲಲ್ಲಿದ್ದ ಮುಖ್ಯೋಪಾಧ್ಯಾಯಿನಿ ತಡೆದರು. "ಹೆಣ್ಣುಹುಡುಗಿ ಕಡೆ ಕೊಡಬ್ಯಾಡ್ರಿ. ನೀವೇ ಹಚ್ಚಿಬಿಡ್ರಿ."

"ಮಾರ್ಕೆಟ್ಟಲ್ಲಿ ಹೆಂಗಸರೇ ಕೊಯ್ದು ಮಾರ್ತಾರಲ್ಲ, ಮೇಡಂ?"

"ಅದು ವ್ಯಾಪಾರ್ರೀ. ಇದು ಸಾಲಿ."

ದುಡ್ಡಿಗೆ ಹತ್ತದ ದೋಷ ಪಾಠಕ್ಕೆ ಹತ್ತುತ್ತದೆ! ನಾನು ಬಾಯಿ ತೆರೆಯುವಷ್ಟರಲ್ಲಿ, ಮೂಗು ಸೋರಿಸುತ್ತಿದ್ದ ಮಲ್ಲೇಶಿ ಕೈಯೆತ್ತಿದ.

"ನಾ ಗಂಡಸ ಅದೇನ್ರಿ!"

"ಹೂಂ, ಅವನ ಕಡೆ ಕೊಡ್ರಿ," ಎಂದರು ಮೇಡಂ.

"ಅಂವಗ ಪೆನ್ಸಿಲ್ ಚೂಪ ಮಾಡಾಕ ಬರಂಗಿಲ್ರಿ. ದಿನಾ ನಾನ ಮಾಡಿಕೊಡ್ತೇನಿ," ಎಂದಳು ಭಾಗ್ಯಾ.

ಚಾಕು ಅವಳಿಗೇ ಕೊಟ್ಟೆ. ಕಾಯಿ ಅಲುಗದಂತೆ ಹಿಡಿದೆ, ಚಾಕು ಮಾತ್ರ ಮುಟ್ಟಲಿಲ್ಲ. ಮುಟ್ಟಿದ್ದರೆ ಗಂಡಸಿನ ಕೈ ಹತ್ತಿತು, ದೋಷ ಹೋಯಿತು ಅನ್ನುತ್ತಿದ್ದರು. ಭಾಗ್ಯಾ ಬೆಂಚು ಹತ್ತಿ ಎರಡೂ ಕೈಯಿಂದ ಒತ್ತಿದಳು. ಕಾಯಿ ಬಾಯಿಬಿಟ್ಟಿತು. ಅವಳ ಮುಖ ನೀವು ನೋಡಬೇಕಿತ್ತು! ಬೀಜಗಳನ್ನು ಹತ್ತರ ಗುಂಪು ಮಾಡಿ ಎಣಿಸುತ್ತ, ಗಲಾಟೆಯಲ್ಲೇ ಗಣಿತ ಮುಗಿಯಿತು. ಮೇಡಂ ಅಷ್ಟರಲ್ಲಿ ಹೊರಟುಹೋಗಿದ್ದರು.

ಮುಂದಿನ ಹಬ್ಬಕ್ಕೆ ಶಾಂತಕ್ಕ ಎದುರು ಮನೆಯವರನ್ನು ಕರೆದರು. "ನಿಮಗ್ಯಾಕ ತ್ರಾಸು ಅಂತ, ಸರ." ಗಾರಿಗೆಯ ತಟ್ಟೆ ಬರಲಿಲ್ಲ. ಓಣಿಯೂ ತಣ್ಣಗಾಯಿತು.

ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಫೋನು ಮಾಡಿ ಈ ಊರನ್ನು ಚೆನ್ನಾಗಿ ಬೈದೆ.

"ಅಲ್ವೋ, ನಮ್ಮನೇಲೂ ನಿಮ್ಮಪ್ಪನೇ ಅಲ್ವೇನೋ ಮೊದಲು ಹೋಳು ಮಾಡಿಕೊಡೋದು? ನೋಡೇ ಇಲ್ವಾ ನೀನು?"

ನೋಡಿದ್ದೆ. ನಮ್ಮ ಮನೆಯದಾದ್ದರಿಂದ ಮೌಢ್ಯದಂತೆ ಕಂಡಿರಲಿಲ್ಲ, ಅಷ್ಟೆ. ಆದ್ದರಿಂದ ಮೈಸೂರಿನವರೇ, ಹುಬ್ಬಳ್ಳಿಯನ್ನು ನೋಡಿ ನಗುವ ಮುನ್ನ ನಿಮ್ಮ ಅಡುಗೆಮನೆಗೊಮ್ಮೆ ಹೋಗಿಬನ್ನಿ.

ಮರುದಿನ ಭಾಗ್ಯಾ ಮೆಲ್ಲಗೆ ಹತ್ತಿರ ಬಂದಳು. "ಅವ್ವ ಬ್ಯಾಡ ಅಂದಾಳ್ರಿ. ಕುಂಬಳಕಾಯಿ ಮತ್ತ ಯಾವಾಗ ತರ್ತೀರಿ, ಸರ?"

"ಸೋಮವಾರ ತರ್ತೇನಿ," ಎಂದೆ.

ನಮ್ಮ ಕಡೆಯ 'ತರ್ತೀನಿ' ಬಾಯಿಗೆ ಬರಲಿಲ್ಲ; ಈ ಊರಿನ ಮೇಲಿನ ಸಿಟ್ಟು ಈ ಊರಿನ ಮಾತಲ್ಲೇ ಹೊರಬಿತ್ತು. ರಜೆಗೆ ಹೋದಾಗ ಅಪ್ಪ ಅಮ್ಮನ ಮುಂದೆ ಇದೇ ಸಿಟ್ಟನ್ನು ಯಾವ ಊರಿನವನಾಗಿ ತೋರಿಸಲಿ?