ಕುಕನೂರಿನ ಟೇಪ್ ರೆಕಾರ್ಡರ್

ಯಲಬುರ್ಗಾದ ದನದ ದವಾಖಾನೆಯಲ್ಲಿ ನಾನು ಕಾಂಪೌಂಡರ್. ಈಯಲಾಗದ ಎಮ್ಮೆಗೆ ಭುಜದವರೆಗೆ ಕೈ ಹಾಕಿ ಕರು ಎಳೆದವನು, ಆ ಕೈ ತೊಳೆದು ಹಾಗೇ ಹೋಗಿ ಬಿಸಿ ಮಿರ್ಚಿ ತಿಂದವನು. ಹೇಸಿಕೆ ಎಂಬುದು ನನ್ನ ಜೀವಕ್ಕಿಲ್ಲ ಎಂದೇ ತಿಳಿದಿದ್ದೆ.

ರಜೆಯ ದಿನ ಹಳೆಯ ಟೇಪ್ ರೆಕಾರ್ಡರ್‌ಗಳನ್ನು ರಿಪೇರಿ ಮಾಡುವುದು ನನ್ನ ಹುಚ್ಚು. ಕೊಪ್ಪಳ, ಗಂಗಾವತಿಯ ಗುಜರಿ ಅಂಗಡಿಗಳಿಂದ ಆರಿಸಿ ತಂದು, ಬಿಚ್ಚಿ, ತೊಳೆದು, ಹಾಡುವಂತೆ ಮಾಡಿ ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಇದನ್ನು ಯಾರಿಂದಲೋ ಕೇಳಿ ಕುಕನೂರಿನ ಕಾಳುಕಡಿ ವ್ಯಾಪಾರಿಯೊಬ್ಬರು ಒಂದು ದಿನ ಗೋಣಿಚೀಲ ಹೊತ್ತು ಬಸ್ಸಿಳಿದರು. ಚೀಲದಲ್ಲಿ ಎರಡು ಸ್ಪೀಕರಿನ ದೊಡ್ಡ ಸೆಟ್ಟು.

"ನಾ ಹುಡುಗ ಇದ್ದಾಗಿಂದ್ರಿ ಇದು. ಕೊಟ್ಟಿಗಿ ಅಟ್ಟದಾಗ ಬಿದ್ದಿತ್ತು. ಹೆಂಗರ ಮಾಡಿ ಹಾಡೂ ಹಂಗ ಮಾಡ್ರಿ," ಎಂದರು.

ಹಿಂದಿನ ಮುಚ್ಚಳ ಬಿಚ್ಚಿದೆ. ಇಲಿ ಗೂಡು ಕಟ್ಟಿತ್ತು. ಅರಿವೆ ಚೂರು, ಹತ್ತಿ, ಗುಟ್ಕಾ ಚೀಟಿ, ಅದರ ನಡುವೆ ಒಣಗಿ ಚಪ್ಪಟೆಯಾದ ಮರಿಗಳು. ಎಲ್ಲದರ ಮೇಲೂ ಜಿರಳೆ ಹಿಕ್ಕೆ. ಸೆಲ್ಲುಗಳು ಒಡೆದು ಹಸಿರು ಕೀವಿನಂಥದ್ದು ಸೋರಿ ಹೆಪ್ಪುಗಟ್ಟಿತ್ತು. ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು; ಮುಟ್ಟಿದರೆ ಬೆರಳಿಗೆ ಅಂಟಿ, ಎಷ್ಟು ತಿಕ್ಕಿದರೂ ಬಿಡಲಿಲ್ಲ. ಹಿತ್ತಲಿಗೆ ಓಡಿಹೋಗಿ ಕಕ್ಕಿದೆ.

"ನಿಮ್ಮ ದವಾಖಾನಿ ವಾಸನಿ ತಡಕೊಂಡೀನಿ. ಇದು ಮಾತ್ರ ಮನಿ ಒಳಗ ಬ್ಯಾಡ್ರಿ," ಎಂದಳು ಹೆಂಡತಿ. ಕೆಲಸವೆಲ್ಲ ಹಿತ್ತಲ ಬೇವಿನ ಗಿಡದ ಕೆಳಗೆ ನಡೆಯಿತು.

ಮೂಗಿಗೆ ಟವೆಲ್ ಕಟ್ಟಿಕೊಂಡು, ಸ್ಪಿರಿಟ್ಟು, ಹಲ್ಲುಜ್ಜುವ ಬ್ರಷ್ಷು ಹಿಡಿದು ಎರಡು ತಿಂಗಳು ಕೂತೆ. ಸೆಟ್ಟಿನೊಳಗೇ ಸಿಕ್ಕಿಕೊಂಡಿದ್ದ ಒಂದು ಕ್ಯಾಸೆಟ್ಟು ಸೀಳಿತ್ತು. ಅದರ ಟೇಪನ್ನು ಹುಷಾರಾಗಿ ಸುತ್ತಿ ಬೇರೆ ಕ್ಯಾಸೆಟ್ಟಿನ ಗೂಡಿಗೆ ಹಾಕಿದೆ. ಅದು ಬೇಕಿರಲಿಲ್ಲ, ಯಾರೂ ಕೇಳಿರಲಿಲ್ಲ. ನನ್ನ ಕೈಚಳಕ ನನಗೇ ತೋರಿಸಿಕೊಳ್ಳಬೇಕಿತ್ತು.

ಸೆಟ್ಟು ಹಾಡಿತು. ಎರಡು ಹಾಡು ಮುಗಿದ ಮೇಲೆ ಒಮ್ಮೆಲೇ ಗಂಡಸರ ನಗು. ಹೆಣ್ಣು ನೋಡಿ ಬಂದವರು ಕೂತು ಆಡಿದ ಮಾತು. ಯಾರೋ ಚೇಷ್ಟೆಗೆ ರೆಕಾರ್ಡ್ ಮಾಡಿದ್ದರು. ವ್ಯಾಪಾರಿಯ ದನಿ ಆಗಲೂ ಹಾಗೇ ಇತ್ತು. ಗಂಗಾವತಿ ಕಡೆಯ ಮರಳಿ ಎಂಬ ಊರಿನ ಹುಡುಗಿಯಂತೆ. ಬಣ್ಣ ಆರಿದ ಕೊಳ್ಳಿಯಂತೆ, ನಡಿಗೆ ಎಮ್ಮೆಯಂತೆ. "ಹಲ್ಲು ಎಣಿಸಿ ನೋಡಬೇಕಿತ್ತಲೇ!" ಎನ್ನುತ್ತಾನೆ ಒಬ್ಬ. ಇನ್ನೊಬ್ಬ ಆಕೆ ಚಹಾ ಕೊಡುವಾಗ ಕೈ ನಡುಗಿದ್ದನ್ನು ಅಣಕಿಸಿ ಬಟ್ಟಲು ಗಲಗಲ ಅಲ್ಲಾಡಿಸುತ್ತಾನೆ. ನಮ್ಮ ದವಾಖಾನೆಗೆ ಬರುವ ರೈತರು ಎಮ್ಮೆಯ ಬಗ್ಗೆಯೂ ಹಾಗೆ ಮಾತಾಡುವುದಿಲ್ಲ.

ಆ ಬಟ್ಟಲಿನ ಸಪ್ಪಳಕ್ಕೆ ನಾನೂ ನಕ್ಕುಬಿಟ್ಟೆ. ಒಬ್ಬನೇ ಕೂತು, ಜೋರಾಗಿ.

ಮುಂದಿನ ಭಾನುವಾರ ಸೆಟ್ಟನ್ನು ಕುಕನೂರಿಗೆ ಒಯ್ದೆ. ವ್ಯಾಪಾರಿ ಪಕ್ಕದ ಮನೆಯ ಇಬ್ಬರನ್ನು ಕರೆದು ಕೂಡಿಸಿದ್ದರು. ಅವರ ಹೆಂಡತಿ ಚಹಾ ತಂದರು.

"ಒಳಗಿದ್ದ ಕ್ಯಾಸೆಟ್ಟೂ ಹಾಡತೈತೇನ್ರಿ?" ಎಂದು ಕೇಳಿದರು ವ್ಯಾಪಾರಿ.

ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಆದರೆ ಅಷ್ಟು ಹಳಿದ ಹುಡುಗಿಯನ್ನು ಅವರು ಒಲ್ಲೆ ಎಂದಿರಬೇಕು, ಆಕೆ ಎಲ್ಲೋ ಇದ್ದಾಳು ಎಂದುಕೊಂಡಿದ್ದೆ. ಗುಂಡಿ ಒತ್ತಿದೆ. ಹಾಡು ಮುಗಿದು ನಗು ಶುರುವಾದಾಗ ವ್ಯಾಪಾರಿ ತೊಡೆ ತಟ್ಟಿಕೊಂಡರು.

"ಏ, ಬಾ ಇಲ್ಲಿ! ನಿನ್ನ ನೋಡಿ ಬಂದ ದಿನದ್ದು ಇದು!"

ಆಕೆ ಖಾಲಿ ತಾಟು ಎದೆಗೆ ಹಿಡಿದು ಬಾಗಿಲಲ್ಲೇ ನಿಂತರು. ನನ್ನ ಕೈ ಗುಂಡಿಯ ಮೇಲೇ ಇತ್ತು. ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಬಟ್ಟಲು ಗಲಗಲ ಎಂದಾಗ ನೆರೆಮನೆಯವರು ಬಿದ್ದು ಬಿದ್ದು ನಕ್ಕರು.

"ಕೇಳೀನಿ. ಮದಿವ್ಯಾದ ವರ್ಷಾನ ಕೇಳೀನಿ," ಎಂದರು ಆಕೆ ಗಂಡನಿಗೆ. "ಅದಕ್ಕ ಅಟ್ಟಕ್ಕ ಒಗದಿದ್ದೆ. ಇಲಿ ತಿಂದು ಹೋಗಿರಬೇಕು ಅಂತ ತಿಳಿದಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಭಾಳ ಛಲೋ ತೊಳದೀರ್ರಿ. ಒಂದೊಂದು ಮಾತೂ ಬಿಡಿಬಿಡಿ ಕೇಳತೈತಿ."

ಚುಚ್ಚಿ ಆಡಿದ ಮಾತಲ್ಲ ಅದು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನನಗೆ ಮತ್ತೆ ಕಕ್ಕುವ ಹಾಗಾಯಿತು.

ಕ್ಯಾಸೆಟ್ಟು ತೆಗೆದು ಆಕೆಯ ಕೈಗೆ ಕೊಟ್ಟೆ. "ಯಾಕ್ರೀ, ಹಳೀ ನೆನಪು ಅದು, ಇರ್ಲಿ ಬಿಡ್ರಿ," ಎಂದು ವ್ಯಾಪಾರಿ ಇನ್ನೂ ನಗುತ್ತಲೇ ಇದ್ದರು. ಆಕೆ ಅಲ್ಲೇ ನಿಂತು ಟೇಪು ಎಳೆಯತೊಡಗಿದರು. ಗಡಿಬಿಡಿಯಿಲ್ಲ, ಸಿಟ್ಟಿಲ್ಲ, ಬಾವಿಯಿಂದ ಹಗ್ಗ ಸೇದಿದ ಹಾಗೆ, ಕೊನೆ ಬರುವವರೆಗೆ. ಕಾಲ ಬುಡದಲ್ಲಿ ಕಂದು ಗುಡ್ಡೆ ಬಿತ್ತು. ಕಸಬರಿಗೆ ತಂದು ಗುಡಿಸಿ, ಹೊರಗಿನ ತಿಪ್ಪೆಗೆ ಹಾಕಿ ಬಂದರು.

"ಚಹಾ ಆರತೈತಿ, ಕುಡೀರಿ," ಎಂದರು.

ಬಟ್ಟಲನ್ನು ಹಾಗೇ ಕೆಳಗಿಟ್ಟು ಎದ್ದೆ. ಬಸ್ಸಿನುದ್ದಕ್ಕೂ ಆ ವ್ಯಾಪಾರಿಯನ್ನು ಮನಸ್ಸಿನಲ್ಲೇ ಬೈದೆ. ಬೈದಷ್ಟೂ ಹೇಸಿಕೆ ನನ್ನ ಕಡೆಗೇ ತಿರುಗಿತು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ, ಹಿತ್ತಲಲ್ಲಿ ಒಬ್ಬನೇ ನಕ್ಕದ್ದನ್ನೂ ಬಿಡಲಿಲ್ಲ.

ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು: "ನೀವು ನಕ್ಕಿದ್ದನ್ನ ಅಕಿ ಮುಂದ ಹೇಳಿದ್ರ್ಯಾ?"

"ಇಲ್ಲ," ಎಂದೆ.

ಆಕೆ ಮೊರ ಎತ್ತಿಕೊಂಡು ಒಳಗೆ ಹೋದಳು.