ಅವ್ವನ ಗುಂಡಿನ ಸರ

ಉಳಿತಾಯ ಖಾತೆಗಳ ಚಕ್ರವರ್ತಿಗಳೇ, ವಿಮಾ ಕಂತುಗಳ ಮಹಾರಾಣಿಯರೇ, ಈ ಬಡ ಭಾಷಣಕಾರನ ಮಾತಿಗೆ ದಯವಿಟ್ಟು ಕಿವಿಗೊಡಿ!

ಇಂದು ಅಕ್ಕಿಆಲೂರು ಸಂತೆಯಲ್ಲಿ ಅಂಟವಾಳಕಾಯಿಯ ವಾಸನೆ ಬಂತು. ಅದರ ನೊರೆಯಲ್ಲೇ ಅವ್ವ ತನ್ನ ಗುಂಡಿನ ಸರ ತೊಳೆಯುತ್ತಿದ್ದಳು. ಪ್ರತಿ ಸುಗ್ಗಿಯಲ್ಲೂ ಭತ್ತ ಮಾರಿದ ಮೇಲೆ ಪತ್ತಾರರ ಅಂಗಡಿಗೆ ಹೋಗಿ, ಒಂದೇ ಒಂದು ಬಂಗಾರದ ಗುಂಡು ಮಾಡಿಸಿ ಆ ಸರಕ್ಕೆ ಪೋಣಿಸುತ್ತಿದ್ದಳು.

“ಒಂದ್ ಗುಂಡು ಕೊಡಬೇ, ಗೋಲಿ ಆಡ್ತೇನಿ,” ಎಂದು ನಾನು ಕಾಡುತ್ತಿದ್ದೆ.

“ಮುಟ್ಟಬ್ಯಾಡ ಮಂಗ್ಯಾ! ಮುಪ್ಪಿನಾಗ ನನಗ ಅನ್ನ ಹಾಕೂದು ಇದ.”

ಅಪ್ಪ ಆಸ್ಪತ್ರೆ ಸೇರಿದಾಗ ಅವಳು ಗುಂಡುಗಳನ್ನು ಒಂದೊಂದಾಗಿ ಬಿಚ್ಚಿ ಮಾರಿದಳು. ಅಪ್ಪ ಉಳಿಯಲಿಲ್ಲ. ಖಾಲಿ ದಾರವನ್ನು ಎಸೆಯದೆ, ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಗಿರಣಿಯಲ್ಲಿ ಅಕ್ಕಿ ಹಸನು ಮಾಡುತ್ತ ವರ್ಷಗಟ್ಟಲೆ ದುಡಿದಳು.

ನಿನ್ನೆ ಕೇಳಿದಳು: “ಏನರ ಕೂಡಿಟ್ಟೀಯೇನಪಾ? ಹಂಗಿದ್ರ ನಾ ಗಿರಣಿ ಬಿಡ್ತೇನಿ. ಮೊಣಕಾಲು ಮಾತ ಕೇಳವಲ್ವು.”

“ಬ್ಯಾಂಕು ತುಂಬಿ ತುಳಕಾಕತ್ತೇತಿ, ಆರಾಮ ಕುಂದ್ರಬೇ,” ಎಂದೆ.

ಇವತ್ತು ಅವಳು ಕೆಲಸ ಬಿಟ್ಟು ಬಂದಳು. ಸಭಿಕರೇ, ನನ್ನ ಖಾತೆಯಲ್ಲಿರುವುದು ಒಂದು ಮೊಬೈಲ್ ರೀಚಾರ್ಜಿಗೆ ಸಾಲುವಷ್ಟು ಮಾತ್ರ.